ಮೂರು ಗಂಟಿನ ವೈರು

ಆ ಹಳೆಯ ಪಿಕಪ್ ಗೋಕಾಕದ ಪೇಟೆಯಿಂದ ಫಾಲ್ಸ್ ರೋಡಿನ ತನಕ ಒಂದೇ ಸಮನೆ ಅರಚಿಕೊಂಡೇ ಬಂತು.

ಹಾರ್ನ್ ಮೇಲೆ ಯಾರ ಕೈಯೂ ಇರಲಿಲ್ಲ. ಒತ್ತದಿದ್ದರೂ ಅದು ಹೊಡೆದುಕೊಳ್ಳುತ್ತಿತ್ತು. ದಾರಿಯಲ್ಲಿ ಜನ ಬೈದರು, ಎಮ್ಮೆಗಳು ಚದುರಿದವು, ಕಾಯಿಪಲ್ಲೆ ಮಾರುವ ಮುದುಕಿಯೊಬ್ಬಳು ಕೈಗೆ ಸಿಕ್ಕ ಬದನೆಕಾಯಿ ಎಸೆದಳು. ಮಾಲಿಂಗಪ್ಪನ ವೈರಿಂಗ್ ಅಂಗಡಿಯ ಮುಂದೆ ಗಾಡಿ ನಿಂತಾಗ ಒಳಗಿದ್ದ ಆರಡಿ ಗಂಡಸಿಗೆ ಅಳುವುದೊಂದೇ ಬಾಕಿ ಇತ್ತು.

ಜಡೆಗೆ ಟೆಸ್ಟರ್ ಸಿಕ್ಕಿಸಿಕೊಂಡಿದ್ದ ಹುಡುಗಿಯೊಬ್ಬಳು ಅಂಗಡಿಯಿಂದ ಹೊರಬಂದಳು. ಬಾನೆಟ್ ಎತ್ತಿದಳು. ಒಳಗೆ ಕೈ ಹಾಕಿ ಒಂದು ವೈರು ಕಿತ್ತಳು.

ಇಡೀ ಬೀದಿ ತಣ್ಣಗಾಯಿತು.

"ಮಿಸ್ತ್ರಿ ಎಲ್ಲದಾರ್ರಿ?" ಅವನು ಕೆಳಗಿಳಿಯುತ್ತ ಕೂಗಿ ಕೇಳಿದ. ಕಿವಿ ಇನ್ನೂ ಗುಂಯ್ ಅನ್ನುತ್ತಿತ್ತು.

"ಈಗ ನಿಮ್ಮ ಗಾಡಿ ಬಾಯಿ ಮುಚ್ಚಿಸಿದಾಕಿ ಯಾರ್ರಿ?"

ಅವನು ನೋಡಿದ. ಎಣ್ಣೆ ಮೆತ್ತಿದ ಬೆರಳು, ಹಣೆಯ ಮೇಲೆ ತೆಳ್ಳನೆಯ ವಿಭೂತಿ, ನಗು ತಡೆದು ಹಿಡಿದ ತುಟಿ. ನೋಡುತ್ತಲೇ ನಿಂತುಬಿಟ್ಟ.

"ಗಾಡಿ ತೋರಸಾಕ ಬಂದೀರೋ, ನನ್ನ ನೋಡಾಕ ಬಂದೀರೋ?"

"ಗಾಡಿ... ಗಾಡಿ ತೋರಸಾಕರಿ," ಅಂದ. ಕಿವಿಯ ತನಕ ಕೆಂಪಾಗಿದ್ದ.

ಅದು ಎರಡು ಸಾವಿರದ ಇಸವಿ, ದಸರಾ ಮುಗಿದು ಕಬ್ಬಿನ ಗಾಣ ಶುರುವಾಗುವ ಹೊತ್ತು. ಅವನ ಹೆಸರು ಜಿನೇಂದ್ರ. ಮೂಡಲಗಿಯ ಹತ್ತಿರದ ಊರಿನ ಜೈನ ಒಕ್ಕಲುತನದ ಮನೆಯವನು. ತಮ್ಮ ಗಾಣದ ಬೆಲ್ಲವನ್ನು ಗೋಕಾಕ, ಹುಕ್ಕೇರಿಯ ಅಂಗಡಿಗಳಿಗೆ ಮುಟ್ಟಿಸುವುದು ಅವನ ಕೆಲಸ. ಗಾಡಿ ಮಾತ್ರ ಅವನಪ್ಪ ಭೂಪಾಲನಷ್ಟೇ ಹಠಮಾರಿ.

ಅವಳು ಕಾಶೆವ್ವ. ತಾಯಿಯಿಲ್ಲದ ಮನೆಯ ಒಬ್ಬಳೇ ಮಗಳು. ಅಪ್ಪ ಮಾಲಿಂಗಪ್ಪ ಮೂವತ್ತು ವರ್ಷ ಗೋಕಾಕದ ಗಾಡಿಗಳ ವೈರಿಂಗ್ ಮಾಡಿದವನು. ಸಕ್ಕರೆ ಕಾಯಿಲೆ ಕಣ್ಣು ತಿಂದಮೇಲೆ ಮಗಳ ಕೈಗೆ ಟೆಸ್ಟರ್ ಕೊಟ್ಟು, ಮೂಲೆಯ ಕುರ್ಚಿಯಲ್ಲಿ ಕೂತು, ಬಾಯಿಮಾತಿನಲ್ಲೇ ಕೆಲಸ ಕಲಿಸಿದ್ದ.

ಅವನದೊಂದು ಪದ್ಧತಿ ಇತ್ತು. ಹಳೆಯ ಗಾಡಿಗಳ ವೈರುಗಳೆಲ್ಲ ಎಣ್ಣೆ, ಧೂಳು ಕುಡಿದು ಕರ್ರಗಾಗಿರುತ್ತವೆ. ಯಾವುದು ಕೆಂಪು, ಯಾವುದು ಹಸಿರು ತಿಳಿಯುವುದಿಲ್ಲ. ಅದಕ್ಕೇ ಒಂದೊಂದು ವೈರಿನ ತುದಿಗೂ ದಾರದ ಗಂಟು. ಎಡಗಡೆಯ ಇಂಡಿಕೇಟರಿಗೆ ಒಂದು, ಬಲಗಡೆಯದಕ್ಕೆ ಎರಡು, ಹಾರ್ನಿಗೆ ಮೂರು.

"ಬಣ್ಣ ಹೋಗತೈತಿ, ಗಂಟು ಹೋಗೂದಿಲ್ಲ," ಎನ್ನುತ್ತಿದ್ದ.

ಕೆಲಸ ಮುಗಿದ ಮೇಲೆ ಅವನು ಗೋಡೆ ಹಿಡಿದುಕೊಂಡು ಗಾಡಿಯ ತನಕ ಬರಬೇಕು, ಬೆರಳಿನಿಂದ ಗಂಟು ಎಣಿಸಬೇಕು, "ಹೂಂ... ಬಿಡು" ಅನ್ನಬೇಕು. ಆಮೇಲೆಯೇ ಗಾಡಿ ಅಂಗಡಿ ಬಿಡುವುದು. ಆ ಎರಡು ಮಾತಿಗಾಗಿ ಕಾಶೆವ್ವ ಊಟ ನಿದ್ದೆ ಬಿಟ್ಟು ದುಡಿಯುತ್ತಿದ್ದಳು.

"ಸ್ಟೇರಿಂಗ್ ಮ್ಯಾಲಿನ ಸ್ವಿಚ್ ಪೂರಾ ಹೋಗೈತ್ರಿ," ಅವಳು ಜಿನೇಂದ್ರನಿಗೆ ಹೇಳಿದಳು. "ಹಾರ್ನು, ಇಂಡಿಕೇಟರು, ಲೈಟು ಎಲ್ಲಾ ಅದರಾಗ ಐತಿ. ಬ್ಯಾರೇದ ಹಾಕಬೇಕು."

"ಹಾಕ್ರಿ ಮತ್ತ."

"ಇಷ್ಟ ಹಳೇ ಗಾಡಿದು ಅಂಗಡ್ಯಾಗ ಎಲ್ಲಿ ಸಿಗತೈತಿ? ಹುಕ್ಕೇರಿ ಗುಜರ್ಯಾಗ ಹುಡಕಿ ತರ್ರಿ."

ಅವನು ಹುಕ್ಕೇರಿಗೆ ಹೋದ, ತಪ್ಪು ಸ್ವಿಚ್ ತಂದ. ಮತ್ತೆ ಹೋದ, ಮತ್ತೆ ತಪ್ಪು ತಂದ. ಮೂರನೆಯ ಸಲ ಸರಿಯಾದದ್ದು ತಂದಾಗ ಅವನ ಮುಖದಲ್ಲಿ ಸಂತೋಷಕ್ಕಿಂತ ಬೇಜಾರೇ ಜಾಸ್ತಿ ಇತ್ತು. ಇನ್ನು ಬರಲು ನೆವ ಇಲ್ಲವಲ್ಲ, ಪಾಪ.

ಕಾಶೆವ್ವ ಸ್ಟೀರಿಂಗ್ ನಡುವಿನ ನಟ್ಟು ಬಿಚ್ಚಿ, ಚಕ್ರವನ್ನೇ ಎಳೆದು ತೆಗೆದಳು. ಕೆಳಗಿದ್ದ ಹಳೆಯ ಸ್ವಿಚ್ ಸುಟ್ಟು ಕರಕಾಗಿತ್ತು. ಅದನ್ನು ಕಿತ್ತು, ತಂದದ್ದನ್ನು ಕೂರಿಸಿ, ಒಂದೊಂದೇ ವೈರಿಗೆ ಗಂಟು ಹಾಕುತ್ತ ಕೂತಳು. ಅವನು ದೀಪ ಹಿಡಿದು ಪಕ್ಕದಲ್ಲೇ ನಿಂತಿದ್ದ. ಆದರೆ ಘಳಿಗೆಗೊಮ್ಮೆ ಪಡುವಣಕ್ಕೆ ನೋಡುತ್ತಿದ್ದ.

"ಏನ್ ನೋಡ್ತೀರಿ ಅಲ್ಲಿ?"

"ಏನಿಲ್ಲರಿ... ಹೊತ್ತ ಮುಳಗೂದ್ರಾಗ ಉಣ್ಣೂ ಪದ್ಧತಿ ನಮ್ಮದು. ಇವತ್ತ ಒಂದಿನ ಹೋದ್ರ ಹೋಗ್ಲಿ."

ಅವಳು ಕೈಯಲ್ಲಿದ್ದ ಕೆಲಸ ಅಲ್ಲಿಗೇ ಬಿಟ್ಟು ಎದ್ದಳು. ಅಂಗಡಿಯ ಹಿಂದೆಯೇ ಮನೆ. ಎರಡು ಜೋಳದ ರೊಟ್ಟಿ, ಹೆಸರುಕಾಳು ಪಲ್ಲೆ ತಂದು ಕೊಟ್ಟಳು. ಅವನು ಗಾಡಿಯ ಫುಟ್‌ಬೋರ್ಡಿನ ಮೇಲೆ ಕೂತು ಉಂಡ. ಉಂಡಾದ ಮೇಲೆ, ಸಕ್ಕರೆ ಇಳಿದರೆ ಬೇಕೆಂದು ಅಪ್ಪ ಇಟ್ಟುಕೊಂಡಿದ್ದ ಡಬ್ಬಿಯಿಂದ ಒಂದು ಲಿಂಬಿ ಪೆಪ್ಪರಮೆಂಟ್ ತೆಗೆದು ಅಂಗೈಗೆ ಹಾಕಿದಳು.

ಅವನು ಪೆಪ್ಪರಮೆಂಟ್ ತಿಂದ. ಹಳದಿ ಕಾಗದವನ್ನು ಮಡಿಸಿ ಅಂಗಿಯ ಕಿಸೆಯಲ್ಲಿಟ್ಟುಕೊಂಡ. ಕಾಶೆವ್ವ ನೋಡಿದಳು, ನೋಡದವಳಂತೆ ಇದ್ದಳು.

ಅವತ್ತು ಮಾಲಿಂಗಪ್ಪ ಗಂಟು ಎಣಿಸಿ "ಹೂಂ... ಬಿಡು" ಅಂದಾಗ, ಗಾಡಿ ಬಿಡಲು ಅವಳಿಗೆ ಮೊದಲ ಸಲ ಮನಸ್ಸಾಗಲಿಲ್ಲ.

ಹದಿನೈದು ದಿನಕ್ಕೇ ಗಾಡಿ ಮತ್ತೆ ಬಂತು.

"ಹಾರ್ನ್ ಹೊಡಿವಲ್ದರಿ," ಜಿನೇಂದ್ರ ಹೇಳಿದ.

ಕಾಶೆವ್ವ ಸ್ಟೀರಿಂಗ್ ಕೆಳಗಿನ ಮುಚ್ಚಳ ತೆಗೆದಳು. ಮೂರು ಗಂಟಿನ ವೈರಿನ ಸ್ಕ್ರೂ ಸಡಿಲವಾಗಿತ್ತು. ಬಿಗಿ ಮಾಡಿ ಕೊಟ್ಟಳು. ಸಂಕ್ರಾಂತಿಗೆ ಮತ್ತೆ ಅದೇ. ಶಿವರಾತ್ರಿಗೆ ಮತ್ತೆ ಅದೇ.

ಓದುವ ನಿಮಗೆ ಇಷ್ಟೊತ್ತಿಗೆ ತಿಳಿದಿರಬೇಕು. ಹುಣ್ಣಿಗೆ ಮದ್ದಿದೆ, ಪ್ರೀತಿಗೆ ಬಿದ್ದವನ ನೆವಕ್ಕೆ ಮದ್ದಿಲ್ಲ. ಸ್ಕ್ರೂ ಸಡಿಲ ಮಾಡುತ್ತಿದ್ದವನು ಅವನೇ. ಆದರೆ ಕಾಶೆವ್ವನಿಗೆ ತಿಳಿಯಲಿಲ್ಲ. ಅವಳು ತನ್ನ ಕೈಯನ್ನೇ ಅನುಮಾನಿಸಿದಳು.

"ಅಪ್ಪಾ, ಈ ಸ್ಕ್ರೂ ಪದೇ ಪದೇ ಯಾಕ ಸಡಲ ಆಗತೈತಿ?"

"ಸ್ಕ್ರೂ ತಾನ ಸಡಲ ಆಗೂದಿಲ್ಲ ಕಾಶಿ. ಬಿಗಿ ಮಾಡೂ ಕೈ ಬರೋಬ್ಬರಿ ಇರಬೇಕು."

ಆ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಶಿವರಾತ್ರಿಯ ಸಲವಂತೂ ಕೈ ನೋಯುವ ತನಕ ಬಿಗಿದಳು.

ಅವನು ಬಂದಾಗಲೆಲ್ಲ ಸಂತೋಷವೂ, ತನ್ನ ಕೆಲಸ ಕೆಟ್ಟಿತೆಂಬ ನಾಚಿಕೆಯೂ ಒಟ್ಟಿಗೇ ಬರುತ್ತಿದ್ದವು. 'ಇವರು ಕೆಟ್ಟ ಗಾಡಿ ಇಲ್ಲದೇನ ಒಮ್ಮೆ ಬರಬಾರದೇನು?' ಅಂದುಕೊಳ್ಳುತ್ತಿದ್ದಳು. ಹೇಳಲಿಲ್ಲ. ಅವನೂ ಹೇಳಲಿಲ್ಲ. ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು, ಎಷ್ಟು ಚೆನ್ನಾಗಿರುತ್ತಿತ್ತು...

ಶಿವರಾತ್ರಿ ಕಳೆದ ನಾಲ್ಕನೆಯ ದಿನ ಬೆಳಿಗ್ಗೆ ಟೆಂಪೋ ಡ್ರೈವರ್ ಯಲ್ಲಾರಿ ಓಡಿಬಂದ.

"ಕಾಶೆವ್ವಾ, ಮೂಡಲಗಿ ಸಾವಕಾರ್ರ ಪಿಕಪ್ ಫಾಲ್ಸ್ ತಿರುವಿನ್ಯಾಗ ಬಂಡೆಗಲ್ಲಿಗೆ ಬಡದೈತಿ."

ಅವಳ ಕೈಯಿಂದ ಟೆಸ್ಟರ್ ಬಿತ್ತು. "ಯಾರ... ಯಾರ ಹೊಡ್ಯಾಕತ್ತಿದ್ರು?"

"ಮಗ ಅಲ್ಲ, ಅವರಪ್ಪ ಭೂಪಾಲಪ್ಪ. ನೂಲಿನ ಮಿಲ್ಲಿನ ಪಾಳಿ ಬಿಟ್ಟಿತ್ತು, ಸೈಕಲ್ ಮಂದಿ ರಸ್ತೆ ತುಂಬ ಇದ್ರು. ಹಾರ್ನ್ ಒತ್ತಿದಾ, ಒತ್ತಿದಾ, ಹೊಡಿಲಿಲ್ಲಂತ. ಮಂದೀನ್ನ ಉಳಸಾಕ ಗಾಡಿ ಬಂಡೆಗಲ್ಲಿಗೆ ತಿರುವ್ಯಾನ. ಮಂದಿ ಉಳದಾರ. ಆತನ ಕಾಲು ಪುಡಿ ಆಗೈತಿ."

ಹಾರ್ನ್ ಹೊಡಿಲಿಲ್ಲ.

ಕಾಶೆವ್ವನಿಗೆ ಮುಂದಿನದೇನೂ ಕೇಳಿಸಲಿಲ್ಲ. ನಾಲ್ಕು ದಿನದ ಹಿಂದೆ ಆ ಸ್ಕ್ರೂ ಬಿಗಿದವಳು ಅವಳು. ಅಪ್ಪ "ಹೂಂ... ಬಿಡು" ಅಂದಿದ್ದ. ತನ್ನ ಕೈಯಲ್ಲಿ ಬಿಗಿ ಇಲ್ಲ... ತನ್ನ ಕೈಯೇ ಒಬ್ಬರ ಕಾಲು ಮುರಿಯಿತು...

ಚಪ್ಪಲಿ ಇಲ್ಲದೆ ಆಸ್ಪತ್ರೆಗೆ ಓಡಿದಳು. ಬಾಗಿಲಲ್ಲಿ ಜಿನೇಂದ್ರ ನಿಂತಿದ್ದ. ಅಂಗಿಯ ಮೇಲೆ ಅಪ್ಪನ ರಕ್ತ.

"ನಾ ಬಿಗಿ ಮಾಡಿದ್ನಿರಿ," ಅಂದಳು. "ಖರೇನ ಬಿಗಿ ಮಾಡಿದ್ನಿ. ಹೆಂಗ ಆತೋ ಗೊತ್ತಿಲ್ಲ. ನಂದ ತಪ್ಪ..."

ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಒಳಗಿಂದ ಭೂಪಾಲನ ನರಳಿಕೆ ಕೇಳಿತು. "ಹೆಣಮಕ್ಕಳ ಕೈಯಾಗ ಗಾಡಿ ಕೊಟ್ಟಿದ್ದ ತಪ್ಪಾತು... ನಾ ಹೇಳಿದ್ನಿ ಇಂವಗ..."

ಜಿನೇಂದ್ರ ಬಾಯಿ ಮುಚ್ಚಿದ. ಅವಳ ಮುಖ ನೋಡಲಿಲ್ಲ.

"ಮನಿಗೆ ಹೋಗ್ರಿ," ಅಂದ. ಅಷ್ಟೇ.

ಊರ ಬಾಯಿಗೆ ಮುಚ್ಚಳ ಎಲ್ಲಿಂದ ತರುವುದು? ಆಸ್ಪತ್ರೆಯಲ್ಲಿ ನೋವಿನಲ್ಲಿ ಆಡಿದ ಆ ಮಾತು ಸಂಜೆಗೆ ಟೆಂಪೋ ಸ್ಟ್ಯಾಂಡ್ ಮುಟ್ಟಿತು, ವಾರದಲ್ಲಿ ಹುಕ್ಕೇರಿ ಮುಟ್ಟಿತು. ಮೊದಲು ಗಾಡಿ ತಿರುಗಿಸಿಕೊಂಡು ಹೋದವನು ಯಲ್ಲಾರಿಯೇ. "ತಪ್ಪ ತಿಳ್ಕೋಬ್ಯಾಡವ್ವ, ಮಕ್ಕಳ ಮರಿ ಅದಾವ ನನಗ," ಅಂದ. ಅವನ ಹಿಂದೆ ಉಳಿದವರೂ ಹೋದರು.

ಕಾಶೆವ್ವ ಜಡೆಯಿಂದ ಟೆಸ್ಟರ್ ತೆಗೆದು ಗೋಡೆಯ ಗೂಡಿನಲ್ಲಿಟ್ಟಳು. ಕರದಂಟಿನ ಅಂಗಡಿಯೊಂದರಲ್ಲಿ ಪೆಟ್ಟಿಗೆ ಕಟ್ಟುವ ಕೆಲಸಕ್ಕೆ ಸೇರಿದಳು. ಅಲ್ಲಿಯೂ ದಾರ, ಅಲ್ಲಿಯೂ ಗಂಟು. ಪ್ರತಿ ಗಂಟು ಹಾಕುವಾಗಲೂ ಎರಡೆರಡು ಸಲ ಎಳೆದು ನೋಡುತ್ತಿದ್ದಳು. ಜೊತೆಯ ಹೆಂಗಸರು ನಗುತ್ತಿದ್ದರು.

ಮಾಲಿಂಗಪ್ಪ ಮಾತ್ರ ದಿನಾ ಅಂಗಡಿಯ ಬಾಗಿಲು ಅರ್ಧ ತೆರೆಸಿ ಕುರ್ಚಿಯಲ್ಲಿ ಕೂರುತ್ತಿದ್ದ. ಯಾರೂ ಬರುತ್ತಿರಲಿಲ್ಲ. ಒಂದು ದಿನ ಅವನು ಅಂದ, "ನಾ ಕಲಸಿದ್ದ ತಪ್ಪಾತೇನು ಕಾಶಿ? ನನ್ನ ಬೆರಳ ಅವತ್ತ ಸುಳ್ಳ ಹೇಳಿದ್ವೇನು?"

ಅವಳು ಹಿತ್ತಲಿಗೆ ಹೋಗಿ ಬಾಯಿಗೆ ಸೆರಗು ಹಿಡಿದು ಅತ್ತಳು.

ಎಲ್ಲಕ್ಕಿಂತ ನೋಯುತ್ತಿದ್ದುದು ವರ್ಷಕ್ಕೊಂದೇ ದಿನ. ಗಣಪತಿ ಕಳಿಸಿದ ಮೇಲೆ, ಜೈನರ ಪರ್ವ ಮುಗಿದಾಗ ಕ್ಷಮಾವಣಿ ಬರುತ್ತದೆ. ಅವತ್ತು ಜೈನರು ಗುರುತಿನವರ ಮನೆಮನೆಗೆ ಹೋಗಿ ಕೈಮುಗಿದು, ತಿಳಿದೋ ತಿಳಿಯದೆಯೋ ನನ್ನಿಂದ ತಪ್ಪಾಗಿದ್ದರೆ ಕ್ಷಮಿಸಿ ಎನ್ನುತ್ತಾರೆ. ಎದುರಿನವರನ್ನೂ ಮನಸಾರೆ ಕ್ಷಮಿಸುತ್ತಾರೆ. ಶತ್ರುವಿನ ಬಾಗಿಲನ್ನೂ ಅವತ್ತು ಬಿಡುವುದಿಲ್ಲ.

ವೈರಿಂಗ್ ಅಂಗಡಿಯ ಎದುರಿಗೇ ಒಬ್ಬ ಕಾಳಿನ ವ್ಯಾಪಾರಿಯಿದ್ದ. ಮೊದಲ ವರ್ಷ ಜಿನೇಂದ್ರ ಅಲ್ಲಿಗೆ ಬಂದ. ವ್ಯಾಪಾರಿಗೆ ಕೈಮುಗಿದ, ಹಮಾಲರಿಗೆ ಕೈಮುಗಿದ, ಪಕ್ಕದ ಚಹಾದವನಿಗೂ ಮುಗಿದ. ಕಾಶೆವ್ವ ಅರ್ಧ ಬಾಗಿಲ ಹಿಂದೆ ಉಸಿರು ಹಿಡಿದು ನಿಂತಿದ್ದಳು. ನಡುವೆ ಇದ್ದದ್ದು ಇಪ್ಪತ್ತು ಹೆಜ್ಜೆಯ ರಸ್ತೆ.

ಅವನು ರಸ್ತೆ ದಾಟಲಿಲ್ಲ.

ಎರಡನೆಯ ವರ್ಷ ದಾಟಲಿಲ್ಲ. ಮೂರನೆಯ ವರ್ಷವೂ...

'ಊರಿಗೆಲ್ಲ ಕ್ಷಮಾ ಐತಿ. ನನಗಷ್ಟ ಇಲ್ಲ,' ಅಂದುಕೊಂಡಳು. ಅಪ್ಪನ ಕಾಲು ಮುರಿದವಳನ್ನು ಯಾವ ಮಗ ಕ್ಷಮಿಸುತ್ತಾನೆ? ಸಿಟ್ಟು ಬರಲಿಲ್ಲ ಅವಳಿಗೆ. ಅವನು ಮಾಡುತ್ತಿರುವುದು ಸರಿ ಅನ್ನಿಸಿತು, ಅದೇ ದೊಡ್ಡ ಸಂಕಟ.

ನಾಲ್ಕನೆಯ ಕ್ಷಮಾವಣಿಯ ದಿನ ಅವಳು ನೋಡುವುದೇ ಬೇಡವೆಂದು ಬಾಗಿಲು ಎಳೆದುಕೊಂಡು ಕೂತಿದ್ದಳು. ಹೊರಗೆ ಟ್ರ್ಯಾಕ್ಟರ್ ನಿಂತ ಸದ್ದಾಯಿತು. ಆಮೇಲೆ ಬಡಿಗೆ ಊರುವ ಸಪ್ಪಳ. ಟಕ್... ಟಕ್... ಟಕ್...

"ಮಾಲಿಂಗಪ್ಪಾ, ಅದಿಯೇನೋ?"

ಭೂಪಾಲ. ಬಾಗಿಲು ಸರಿಸಿ ನೋಡಿದಳು, ಒಂದು ಕಾಲು ಸೊಟ್ಟಗಾಗಿತ್ತು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವನ ಹಿಂದೆ, ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದು ತಂದ ಅದೇ ಪಿಕಪ್. ಟ್ರ್ಯಾಕ್ಟರಿನ ಮೇಲೆ ತಲೆ ತಗ್ಗಿಸಿ ಕೂತಿದ್ದ ಜಿನೇಂದ್ರ.

ಮಾಲಿಂಗಪ್ಪ ಗಡಬಡಿಸಿ ಎದ್ದ. "ಬರ್ರಿ ಸಾವಕಾರ್ರ..."

"ಕುಂದ್ರೋ ಮಾರಾಯಾ. ಕೈಮುಗ್ಯಾಕ ಬಂದೇನಿ." ಭೂಪಾಲ ಬಡಿಗೆಯನ್ನು ಗೋಡೆಗೆ ಒರಗಿಸಿ ಎರಡೂ ಕೈ ಜೋಡಿಸಿದ. "ಮೂರ ವರ್ಷ ಊರೆಲ್ಲಾ ಕೈಮುಗದ್ನಿ, ನಿನ್ನ ಬಾಗಲಕ್ಕ ಬರಲಿಲ್ಲ. ಹೊಟ್ಟ್ಯಾಗ ಸಿಟ್ಟ ಇಟಕೊಂಡು ಏನ ಪರ್ವ ಮಾಡೂದು? ಹುಡುಗಿ ಬೇಕಂತ ಮಾಡಿಲ್ಲ, ಕೈ ತಪ್ಪಿ ಆಗೈತಿ. ನಾ ಕ್ಷಮಾ ಮಾಡೇನಿ. ನಾ ಆಡಿದ್ದ ಮಾತಿಗೆ ನೀವೂ ಮಾಡ್ರಿ."

ಕಾಶೆವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಕಣ್ಣೀರು ತಾನಾಗಿ ಇಳಿಯುತ್ತಿತ್ತು.

"ಬಾಯಿಲೆ ಹೇಳಿದ್ರ ಆಗೂದಿಲ್ಲವ್ವ," ಭೂಪಾಲ ಅವಳ ಕಡೆ ತಿರುಗಿದ. "ಗಾಡಿ ಮತ್ತ ರಸ್ತೆಕ್ಕ ಇಳಸಬೇಕು. ಎಂಜಿನ್ನು, ಚೆಸ್ಸಿ ಎಲ್ಲಾ ಆಗೈತಿ. ಸ್ಟೇರಿಂಗ್ ಸ್ವಿಚ್ಚಷ್ಟ ಉಳದೈತಿ. ಈ ನಮ್ಮ ಮಗ ಅದನ್ನ ಯಾರ ಕಡೆನೂ ಬಿಚ್ಚಸಾಕ ಬಿಡ್ಲಿಲ್ಲ. ಯಾಕೋ ಏನೋ. ನಾ ಹೇಳಿದ್ನಿ, ಆ ಹುಡುಗಿ ಕೈಲೇನ ಆಗಬೇಕಂತ."

ಜಿನೇಂದ್ರ ಟ್ರ್ಯಾಕ್ಟರಿನಿಂದ ಇಳಿದ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. "ಅಪ್ಪಾ, ನಾ ಒಂದ ಮಾತ..."

"ಆಮ್ಯಾಲ ಹೇಳು. ಮೊದಲ ಕೆಲಸ ಆಗ್ಲಿ."

ಕಾಶೆವ್ವ ಗೂಡಿನಿಂದ ಟೆಸ್ಟರ್ ತೆಗೆದಳು. ಮೂರೂವರೆ ವರ್ಷದ ಧೂಳು. ಸೆರಗಿನಿಂದ ಒರೆಸಿ ಜಡೆಗೆ ಸಿಕ್ಕಿಸಿಕೊಂಡಳು. ಗಾಡಿ ಹತ್ತಿದಳು.

ತನ್ನ ತಪ್ಪನ್ನು ತನ್ನ ಕಣ್ಣಿನಿಂದಲೇ ನೋಡಬೇಕು. ಸಡಿಲವಾದ ಸ್ಕ್ರೂ, ಕಳಚಿದ ವೈರು. ನೋಡಿಯೇ ತೀರೋಣ ಅಂದುಕೊಂಡಳು.

ನಟ್ಟು ಬಿಚ್ಚಿದಳು. ಚಕ್ರ ಎಳೆದಳು. ಕೆಳಗಿನ ಮುಚ್ಚಳ ತೆಗೆದು ಬೆರಳು ಹಾಕಿ ಎಣಿಸಿದಳು. ಒಂದು ಗಂಟು, ಇದೆ, ಬಿಗಿಯಾಗಿದೆ. ಎರಡು ಗಂಟು, ಬಿಗಿಯಾಗಿದೆ.

ಮೂರು ಗಂಟಿನ ವೈರು ತನ್ನ ಜಾಗದಲ್ಲಿರಲಿಲ್ಲ. ಅದರ ಸ್ಕ್ರೂ ಕೂಡ ಇರಲಿಲ್ಲ. ಕಳಚಿ ಬಿದ್ದಿದ್ದರೆ ಮುಚ್ಚಳದೊಳಗೇ ಸಿಗಬೇಕಿತ್ತು. ಸಿಗಲಿಲ್ಲ. ಪಕ್ಕಕ್ಕೆ ಸರಿದಿದ್ದ ವೈರನ್ನು ಮೆಲ್ಲಗೆ ಹೊರಗೆಳೆದಳು. ಅದರ ಬರೀ ತುದಿ ಕಬ್ಬಿಣಕ್ಕೆ ತಾಗದ ಹಾಗೆ ಯಾರೋ ಜೋಪಾನವಾಗಿ ಕಾಗದ ಸುತ್ತಿದ್ದರು.

ಹಳದಿ ಕಾಗದ. ಲಿಂಬಿ ಪೆಪ್ಪರಮೆಂಟಿನದು.

ಅವಳಿಗೆ ಒಮ್ಮೆಲೇ ಎಲ್ಲ ತಿಳಿಯಿತು. ಸಂಕ್ರಾಂತಿಯ ಸ್ಕ್ರೂ, ಶಿವರಾತ್ರಿಯ ಸ್ಕ್ರೂ, ಆಸ್ಪತ್ರೆಯ ಬಾಗಿಲಲ್ಲಿ ತೆರೆದು ಮುಚ್ಚಿದ ಆ ಬಾಯಿ, ದಾಟದೆ ಉಳಿದ ಇಪ್ಪತ್ತು ಹೆಜ್ಜೆ...

ತನ್ನ ಕೈ ತಪ್ಪಿರಲಿಲ್ಲ. ಅಪ್ಪನ ಬೆರಳು ಸುಳ್ಳು ಹೇಳಿರಲಿಲ್ಲ.

ತಲೆ ಎತ್ತಿದಳು. ಜಿನೇಂದ್ರ ಗಾಡಿಯ ಬಾಗಿಲ ಹತ್ತಿರವೇ ನಿಂತಿದ್ದ. ಅವನ ಕಣ್ಣು ಅವಳ ಬೆರಳ ತುದಿಯ ಹಳದಿ ಕಾಗದದ ಮೇಲಿತ್ತು.

ಕೂಗಿ ಹೇಳಬಹುದಿತ್ತು. ಎದುರಿಗೇ ಅವನ ಅಪ್ಪ ಸೊಟ್ಟ ಕಾಲು ಚಾಚಿ ಕೂತಿದ್ದ. ಸುಮ್ಮನೆಯೂ ಇರಬಹುದಿತ್ತು. ಆದರೆ ಮೂಲೆಯ ಕುರ್ಚಿಯಲ್ಲಿ ಅವಳ ಅಪ್ಪ ಕೂತಿದ್ದ, ತಾನು ಕಲಿಸಿದ ವಿದ್ಯೆಯೇ ಸುಳ್ಳಾಯಿತೆಂದು ದಿನಾ ಸಾಯುತ್ತ.

ಅವಳು ಕತ್ತರಿಯಿಂದ ಆ ಮೂರು ಗಂಟಿನ ತುದಿಯನ್ನು ಕಾಗದದ ಸಮೇತ ಕತ್ತರಿಸಿದಳು. ಜಿನೇಂದ್ರನ ಅಂಗೈ ಹಿಡಿದು ಅದರಲ್ಲಿಟ್ಟಳು.

"ಇದನ್ನ ನಮ್ಮಪ್ಪನ ಕೈಯಾಗ ಕೊಡ್ರಿ," ಅಂದಳು.

ಗಾಡಿಯಿಂದ ಕುರ್ಚಿಗೆ ಹತ್ತು ಹೆಜ್ಜೆ. ಅವನು ಅದನ್ನು ನಡೆದ ರೀತಿ ನೋಡಿದ್ದರೆ ಕಾಲು ಸೊಟ್ಟಗಾದದ್ದು ಅಪ್ಪನದೋ ಮಗನದೋ ಅನ್ನಿಸುತ್ತಿತ್ತು.

ಮಾಲಿಂಗಪ್ಪನ ಬೆರಳುಗಳು ವೈರಿನ ಮೇಲೆ ಹರಿದಾಡಿದವು. ಒಂದು. ಎರಡು. ಮೂರು.

"ಗಂಟು ಬರೋಬ್ಬರಿ ಅದಾವಲ್ಲ... ಹಾರ್ನಿಂದು." ತುದಿ ಮುಟ್ಟಿದ. "ಕಾಗದ ಸುತ್ತೈತಿ. ಇದ ಕಡದಿಲ್ಲ, ಕಳಚಿ ಬಿದ್ದಿಲ್ಲ. ಸ್ಕ್ರೂ ಬಿಚ್ಚಿ ತಗದಾರ. ಯಾರ ತಗದಾರ ಇದನ್ನ?"

"ನಾನ್ರಿ ಕಾಕಾ."

ಜಿನೇಂದ್ರ ಅವನ ಕಾಲ ಬಳಿ ಕುಸಿದು ಕೂತ.

"ಕಾಶೀನ್ನ ನೋಡಾಕ ನೆವ ಬೇಕಾಗಿತ್ರಿ. ಪ್ರತಿ ಸಲ ನಾನ ಸಡಲ ಮಾಡಿ ತರತಿದ್ನಿ. ಆ ಸಲ ಹಿಂದಿನ ರಾತ್ರೀನ ಪೂರಾ ಬಿಚ್ಚಿದ್ನಿ. ಮುಂಜಾನೆ ಬಂದು ಮನಸಿನ ಮಾತ ಹೇಳೂದು ಅಂತ ಮಾಡಿದ್ನಿ. ನಸುಕಿನ್ಯಾಗ ಅಪ್ಪ ಹುಕ್ಕೇರಿಗೆ ಬೆಲ್ಲಾ ಹೇರಕೊಂಡು ಹೊಂಟಬಿಟ್ಟಿದ್ದ. ಊರ ಅಗಸಿ ಬಾಗಲ ತನಕ ಕೂಗಕೋತ ಓಡಿದ್ನಿ... ಕೇಳಲಿಲ್ಲ ಅವಗ."

ಭೂಪಾಲ ತನ್ನ ಸೊಟ್ಟ ಕಾಲನ್ನೇ ನೋಡುತ್ತಿದ್ದ. ಆಮೇಲೆ ತಲೆ ಎತ್ತಿದ.

"ಕಾಲ ಹೋಗಿದ್ದು ಹೋತಲೇ. ನಾ ಸತ್ತಿದ್ರೂ ಒಂದ ಮಾತು. ಆದ್ರ ಈ ಹುಡುಗೀ ಮ್ಯಾಲ ಹೊರಿಸಿ ಮೂರೂವರೆ ವರ್ಷ ಸುಮ್ನ ಕುಂತಿಯಲ್ಲ..." ಅವನು ಬಡಿಗೆ ಊರಿ ಎದ್ದ. "ಕ್ಷಮಾ ಮಾಡಾಕ ಬಂದಿದ್ನಿ ನಾ. ದೊಡ್ಡ ಮನಷಾ ಅಂತ."

ಮಾಲಿಂಗಪ್ಪ ಅಲ್ಲಿ ನಡೆಯುತ್ತಿದ್ದ ಯಾವುದನ್ನೂ ಕೇಳುತ್ತಿರಲಿಲ್ಲ. ಆ ಗಿಡ್ಡ ವೈರನ್ನು ಮತ್ತೆ ಮತ್ತೆ ಎಣಿಸುತ್ತಿದ್ದ. ಒಂದು, ಎರಡು, ಮೂರು. ಕಾಣದ ಕಣ್ಣಿನಿಂದ ನೀರು ಇಳಿದು ಗಡ್ಡ ತೋಯಿಸುತ್ತಿತ್ತು.

"ಕಾಶಿ," ಕರೆದ. "ಬಾ ಇಲ್ಲಿ."

ಅವಳು ಬಂದು ಮೊಣಕಾಲೂರಿ ಕೂತಳು. ಅವನು ಅವಳ ತಲೆ ತಡವಿದ, ಜಡೆಯಲ್ಲಿದ್ದ ಟೆಸ್ಟರ್ ಮುಟ್ಟಿ ನೋಡಿದ.

"ಹೂಂ..." ಅಂದ. "ಬಿಡು."

ಕಾಶೆವ್ವ ಅಪ್ಪನ ತೊಡೆಯ ಮೇಲೆ ಮುಖವಿಟ್ಟು ಮೂರೂವರೆ ವರ್ಷದ ಅಳು ಅತ್ತಳು.

ಹೊರಡುವ ಮುನ್ನ ಜಿನೇಂದ್ರ ಅವಳ ಎದುರು ನಿಂತ.

"ಆಸ್ಪತ್ರ್ಯಾಗ ಹೇಳಾಕ ಅಂಜಿದ್ನಿ. ಆಮ್ಯಾಲ ನೀ ಅಂಗಡಿ ಬಿಟ್ಟಿ ಅಂತ ಕೇಳಿದ್ನಿ, ಮತ್ತಿಷ್ಟ ಅಂಜಿದ್ನಿ. ಕ್ಷಮಾವಣಿಗೆ ಪ್ರತಿ ವರ್ಷ ರಸ್ತೆ ತನಕ ಬಂದ್ನಿ. ತಪ್ಪೇನರ ಆಗಿದ್ರ ಅಂತ ಎಲ್ಲಾರಿಗೂ ಹೇಳೂ ಮಾತು ಅದು. ನಿನಗ ಅದನ್ನ ಹೇಳಿದ್ರ ಸುಳ್ಳಾಗತಿತ್ತು. ತಿಳದ ಮಾಡಿದ್ನಿ ನಾ."

"ನೀವು ಸಿಟ್ಟಾಗೀರಿ ಅಂದ್ಕೊಂಡಿದ್ನಿ," ಕಾಶೆವ್ವ ಹೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ದಣಿವಿತ್ತು. "ಈ ಕೈ ನೋಡ್ರಿ. ರೊಟ್ಟಿ ಬಡಿಯುವಾಗೂ ನಡಗತಿತ್ತು. ಒಬ್ಬರ ಕಾಲ ಮುರದ ಕೈ ಅಂತ. ನಿಮ್ಮ ಒಂದ ಮಾತಿಗೆ ಇದು ನಿಲ್ಲತಿತ್ತು."

"ಏನ ಮಾಡ್ಲಿ ಹೇಳು."

"ನಮ್ಮಪ್ಪನ ಮುಂದ ಹೇಳಿದ್ರಿ. ಊರ ಮುಂದೂ ಹೇಳ್ರಿ. ಅಲ್ಲೀತನಕ ನನಗ ಮುಖ ತೋರಸಬ್ಯಾಡ್ರಿ."

ಮೂರನೆಯ ದಿನ ಯಲ್ಲಾರಿಯ ಟೆಂಪೋ ಅಂಗಡಿಯ ಮುಂದೆ ನಿಂತಿತು. ಅವನು ಕೆಳಗಿಳಿದು ತಲೆ ಕೆರೆದುಕೊಂಡ.

"ಲೈಟ್ ಮಿಣಕ್ ಮಿಣಕ್ ಅಂತೈತವ್ವ, ನೋಡ್ತಿಯೇನು?" ಆಮೇಲೆ ದನಿ ಇಳಿಸಿದ. "ಆ ಮೂಡಲಗಿ ಹುಡುಗ ಸ್ಟ್ಯಾಂಡಿಗೆ ಬಂದಿದ್ದ. ಒಬ್ಬೊಬ್ಬ ಡ್ರೈವರನ ಮುಂದೂ ನಿಂತು ಹೇಳಿದ. ಕೆಲವ್ರು ಬೈದ್ರು, ಒಬ್ಬಾವ ಹೊಡದ. ಹೊಡಿಸಿಕೊಂಡು ಮುಂದಿನವನ ಕಡೆ ಹೋದ. ಹುಕ್ಕೇರಿಗೂ ಹೋಗಿದ್ನಂತ."

ಕಾಶೆವ್ವ ಟೆಂಪೋದ ಬಾನೆಟ್ ಎತ್ತಿ ತಲೆ ಒಳಗಿಟ್ಟಳು, ಅವನಿಗೆ ತನ್ನ ಕಣ್ಣು ಕಾಣದ ಹಾಗೆ.

ಪಿಕಪ್ಪಿಗೆ ಹೊಸ ಸ್ವಿಚ್ ಕೂರಿಸಿದಳು. ಭೂಪಾಲ ಬೇರೆ ಡ್ರೈವರನನ್ನು ಕಳಿಸಿ ಗಾಡಿ ತರಿಸಿಕೊಂಡ. ಹದಿನೈದು ದಿನ ಕಳೆದವು. ಮಹಾನವಮಿ ಹತ್ತಿರ ಬಂತು, ಗಾಡಿಗಳ ಪೂಜೆಗೆ ಮುಂಚೆ ರಿಪೇರಿ ಮಾಡಿಸುವವರ ಸಾಲು ಅಂಗಡಿಯ ಮುಂದೆ ಬೆಳೆಯಿತು.

ಒಂದು ಸಂಜೆ ಸಾಲಿನ ಕೊನೆಗೆ ಆ ಪಿಕಪ್ ಬಂದು ನಿಂತಿತು.

ಜಿನೇಂದ್ರ ಇಳಿದ. ಬಡಕಲಾಗಿದ್ದ. ತನ್ನ ಸರದಿ ಬರುವ ತನಕ ಮೂಲೆಯಲ್ಲಿ ನಿಂತಿದ್ದ. ಉಳಿದ ಗಾಡಿಗಳೆಲ್ಲ ಹೋದ ಮೇಲೆ ಕಾಶೆವ್ವ ಕೈ ಒರೆಸಿಕೊಳ್ಳುತ್ತ ಬಂದಳು.

"ಏನಾಗೈತಿ ಗಾಡಿಗೆ?"

"ಏನೂ ಆಗಿಲ್ಲ."

ಅವಳು ನಂಬಲಿಲ್ಲ. ಹತ್ತಿ ಕೂತು ಹಾರ್ನ್ ಒತ್ತಿದಳು, ಹೊಡೆಯಿತು. ಎಡಗಡೆ ಇಂಡಿಕೇಟರ್ ಹಾಕಿದಳು, ಬಲಗಡೆಯದು ಹಾಕಿದಳು. ಮುಚ್ಚಳ ತೆಗೆದು ಸ್ಕ್ರೂ ಮುಟ್ಟಿ ನೋಡಿದಳು. ಅವಳು ಬಿಗಿದ ಹಾಗೆಯೇ ಇತ್ತು.

"ಎಲ್ಲಾ ಬರೋಬ್ಬರಿ ಐತಲ್ಲ. ಮತ್ತ ಯಾಕ ಬಂದ್ರಿ?"

"ನಿನ್ನ ನೋಡಾಕ."

ಅವಳ ಕೈ ಸ್ಟೀರಿಂಗ್ ಮೇಲೆಯೇ ನಿಂತಿತು. ಎಷ್ಟು ಸಣ್ಣ ಮಾತು... ಇದೊಂದನ್ನು ಹೇಳಲಾಗದೆ ಒಬ್ಬರ ಕಾಲು ಹೋಯಿತು, ಒಬ್ಬರ ಹೆಸರು ಹೋಯಿತು, ನಾಲ್ಕು ವರ್ಷ ಹೋದವು.

"ಇದನ್ನ ಅವತ್ತ ಹೇಳಬಾರದಾಗಿತ್ತೇನು?" ಅಂದಳು. "ನಾ ಮೊದಲನೇ ದಿನಾನ ಕೇಳಿದ್ನೆಲ್ಲ..."

"ಕೇಳಿದ್ದಿ. ನಾ ಗಾಡಿ ಅಂದ್ನಿ."

"ನಾ ಇನ್ನೂ ಪೂರಾ ಕ್ಷಮಾ ಮಾಡಿಲ್ಲ."

"ಗೊತ್ತೈತಿ. ಮಾಡೂ ತನಕ ಬರತೇನಿ. ಮಾಡದಿದ್ರೂ ಬರತೇನಿ. ಅಪ್ಪಗೂ ಹೇಳಿ ಬಂದೇನಿ, ಅವ್ವಗೂ ಹೇಳಿ ಬಂದೇನಿ."

"ಏನಂದ್ರು?"

"ಅಪ್ಪ ಗಾಡಿ ಕೀಲಿ ತಂದು ಕೈಯಾಗಿಟ್ಟ."

ಒಳಗಿಂದ ಮಾಲಿಂಗಪ್ಪನ ದನಿ ಬಂತು. "ಯಾರ ಬಂದಾರ ಕಾಶಿ? ಏನ ಕೆಟ್ಟೈತಂತ?"

"ಏನೂ ಕೆಟ್ಟಿಲ್ಲಂತ ಅಪ್ಪಾ," ಕಾಶೆವ್ವ ಕಣ್ಣೊರೆಸಿಕೊಂಡಳು. "ಸುಮ್ನ ಬಂದಾರ."

ಪಡುವಣದಲ್ಲಿ ಸೂರ್ಯ ಗುಡ್ಡಕ್ಕೆ ತಾಗುತ್ತಿದ್ದ. ಅವಳು ಒಮ್ಮೆ ಅತ್ತ ನೋಡಿದಳು.

"ಹೊತ್ತ ಮುಳಗಾಕ ಬಂತು. ಉಂಡೀರೇನು?"

"ಇಲ್ಲ."

ಅವನು ಹಳೆಯ ರೂಢಿಯಂತೆ ಗಾಡಿಯ ಫುಟ್‌ಬೋರ್ಡಿನ ಮೇಲೆ ಕೂರಲು ಹೋದ.

"ಅಲ್ಲಿ ಬ್ಯಾಡ," ಅಂದಳು ಕಾಶೆವ್ವ. "ಒಳಗ ಬರ್ರಿ."